ದೀಪ ಕಳೆದ ಮೀನು

ಬೆಳಕು ಕಂಡೆ, ನೆರಳು ಕಂಡೆ ಎನ್ನುವವರನ್ನು ನಾನು ಎಂದೂ ಹೀಯಾಳಿಸಿದವಳಲ್ಲ. ಆದರೆ ನಂಬಿದವಳೂ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಅಂಥ ಮಾತು ತೆಗೆದರೆ ಟೀ ಸೋಸುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಈಗ ನಾನು ಬರೆಯಹೊರಟಿರುವುದನ್ನು ಓದಿ ನೀವೂ ಹಾಗೆ ಎದ್ದು ಹೋದರೆ ನನಗೆ ಬೇಸರವಿಲ್ಲ.

ನಮ್ಮ ಯಜಮಾನರು ಪೀಣ್ಯದಲ್ಲಿ ಒಂದು ಸಣ್ಣ ಕಂಪನಿಯನ್ನು ನೋಡಿಕೊಳ್ಳುತ್ತಾರೆ. ಎರಕ ಹೊಯ್ದ ಲೋಹದ ಭಾಗಗಳ ಒಳಗೆ ಬಿರುಕು, ಗಾಳಿಗುಳ್ಳೆ ಏನಾದರೂ ಇದೆಯೇ ಎಂದು ಕತ್ತರಿಸದೆ ಸ್ಕ್ಯಾನ್ ಮಾಡಿ ಹೇಳುವುದು ಅಲ್ಲಿನ ಕೆಲಸ. ಆಸ್ಪತ್ರೆಯ ಸ್ಕ್ಯಾನಿನ ಹಾಗೆಯೇ. ರೋಗಿಯ ಜಾಗದಲ್ಲಿ ಪಂಪಿನ ಬಾಡಿಯೋ ಗೇರೋ ಇರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಕೊಚ್ಚಿಯಿಂದ ಸೆಲಿನ್ ಫೋನು ಮಾಡಿ, ಕ್ಷೇಮ ಸಮಾಚಾರ ಏನೂ ಇಲ್ಲದೆ, "ಲೇ, ನಿಮ್ಮವರ ಮೆಷಿನ್ನಲ್ಲಿ ಒಂದು ಮೀನನ್ನ ಹಾಕ್ಬೋದೇನೇ?" ಎಂದಳು.

ಸೆಲಿನ್ ನನ್ನ ಕಾಲೇಜಿನ ಗೆಳತಿ. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ನಾವಿಬ್ಬರು ಒಂದೇ ಟ್ರೇ ಹಂಚಿಕೊಂಡವರು. ಕೊಯ್ಯುವುದು ಅವಳು, ಚಿತ್ರ ಬರೆಯುವುದು ನಾನು. ನಮಗೆ ಕಲಿಸಿದ ಸಿಸ್ಟರ್ ಚಿತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಟ್ರೇಯಲ್ಲಿ ಕಾಣುವುದನ್ನು ಮಾತ್ರ ಬರೆಯಬೇಕು, ಹರಿದುಹೋದ ಭಾಗವಿದ್ದರೆ ಅಲ್ಲಿ ಚುಕ್ಕಿಗೆರೆ ಎಳೆದು ಬಿಡಬೇಕು. ಡಿಗ್ರಿ ಮುಗಿಯುತ್ತಲೇ ನನಗೆ ಮದುವೆಯಾಯಿತು. ಅವಳು ಮುಂದೆ ಓದಿ ಆಳ ಸಮುದ್ರದ ಮೀನುಗಳ ಹಿಂದೆ ಹೋದಳು. ಕ್ರಿಸ್‌ಮಸ್ಸಿಗೆ ನನ್ನದೊಂದು, ಯುಗಾದಿಗೆ ಅವಳದೊಂದು ಮೆಸೇಜು ಬಿಟ್ಟರೆ ನಮ್ಮ ನಡುವೆ ಏನೂ ಉಳಿದಿರಲಿಲ್ಲ. ಆದರೂ ಆ 'ಲೇ' ಕೇಳಿದ ಕೂಡಲೇ ನಾನು ಕೈಲಿದ್ದ ಸೌಟನ್ನು ಕೆಳಗಿಟ್ಟು ಕೂತುಬಿಟ್ಟೆ. ನನ್ನನ್ನು ಹಾಗೆ ಕರೆಯುವವರು ಇನ್ನು ಯಾರೂ ಇರಲಿಲ್ಲ.

ನಮ್ಮವರು ಒಪ್ಪಿದ ಮೇಲೆ ಅವಳು ಪೀಣ್ಯಕ್ಕೆ ತಂದ ಮೀನು ಮುಷ್ಟಿಯಷ್ಟು ದಪ್ಪ, ಕಪ್ಪು, ಮುದ್ದೆಯ ಹಾಗೆ ಮೆತ್ತಗೆ. ಸೂರ್ಯನ ಬೆಳಕು ಇಳಿಯದ ಆಳದಲ್ಲಿ ಬದುಕುವ ಗಾಳದ ಮೀನು. ಬೆನ್ನಿನ ರೆಕ್ಕೆಯ ಮೊದಲ ಮುಳ್ಳು ಮುಂದಕ್ಕೆ ಬಂದು, ಹಣೆಯ ಮೇಲೆ ಗಾಳದ ಕೋಲಾಗಿ ನಿಂತಿರುತ್ತದೆ. ಕೋಲಿನ ತುದಿಯಲ್ಲಿ ಒಂದು ಪುಟ್ಟ ಗುಂಡು, ಅದರೊಳಗೆ ಬೆಳಗುವ ಬ್ಯಾಕ್ಟೀರಿಯಾ. ಆ ದೀಪವನ್ನು ಆಡಿಸಿ ಬೇಟೆಯನ್ನು ಬಾಯಿಯ ಹತ್ತಿರಕ್ಕೆ ಕರೆಯುತ್ತದೆ. ಹಲ್ಲುಗಳು ಸೂಜಿಯಂಥವು. ಒಳಕ್ಕೆ ಮಡಚುತ್ತವೆ, ಹಾಗಾಗಿ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಒಂದೇ ಕುಲದ ಹತ್ತಾರು ಜಾತಿಗಳಲ್ಲಿ ಇದು ಯಾವುದೆಂದು ಹೇಳಲು ನೋಡಬೇಕಾದದ್ದು ಮುಖ್ಯವಾಗಿ ಆ ತುದಿಯ ಗುಂಡನ್ನೇ: ಅದರ ಆಕಾರ, ಅದಕ್ಕಿರುವ ಎಳೆಗಳು, ಎಳೆಗಳ ಕವಲು.

ಸೆಲಿನಳ ಮೀನಿಗೆ ಅದೇ ಇರಲಿಲ್ಲ. ಬಲೆಯಲ್ಲಿ ಮೇಲೆ ಬರುವಾಗ ಕೋಲಿನ ತುದಿ ಹರಿದುಹೋಗಿತ್ತು. ಮಿಕ್ಕ ಲಕ್ಷಣಗಳನ್ನು ನೋಡಿ ಇದು ಇನ್ನೂ ಯಾರೂ ಹೆಸರಿಡದ ಜಾತಿ ಎಂದು ಅವಳಿಗೆ ಬಲವಾದ ಅನುಮಾನ. ವರ್ಷಗಟ್ಟಲೆ ಅದು ಅವಳ ಕಪಾಟಿನಲ್ಲಿ, ಸ್ಪಿರಿಟ್ಟಿನ ಜಾಡಿಯಲ್ಲಿ, ಹೆಸರಿಲ್ಲದೆ ಕೂತಿತ್ತು. ಅವಳು ನಿವೃತ್ತಳಾಗುವ ಹೊತ್ತು ಬಂದಿತ್ತು. ಹರಿದ ತುಣುಕು ಹಲ್ಲುಗಳ ಹಿಂದೆಯೋ ಗಂಟಲಲ್ಲೋ ಸಿಕ್ಕಿಕೊಂಡಿದ್ದರೆ ಸ್ಕ್ಯಾನಿನಲ್ಲಿ ಕಂಡೀತು ಎಂಬುದೊಂದೇ ಅವಳ ಆಸೆ. "ಇದಕ್ಕೊಂದು ಹೆಸರಿಟ್ಟು ಬಾಗಿಲು ಹಾಕ್ಕೊಂಡು ಹೋಗ್ತೀನಿ ಕಣೇ. ಇನ್ನೇನೂ ಬೇಡ ನಂಗೆ," ಎಂದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಮಾತಾಡುವಾಗ ಹೆಬ್ಬೆರಳಿನಿಂದ ಉಂಗುರದ ಬೆರಳನ್ನು ಉಜ್ಜುವ ಅಭ್ಯಾಸ ಮಾತ್ರ ಹಾಗೇ ಇತ್ತು.

ಮೆಷಿನ್ ನಡೆಸುವ ಮಂಜಣ್ಣ ಡಬ್ಬಿಯೊಳಗೆ ಇಣುಕಿ, "ಮೇಡಂ, ಹಲ್ಲಿರೋ ಗಿರಾಕಿ ಇದೇ ಫಸ್ಟು," ಎಂದರು.

"ಯಾಕ್ರೀ, ಗೇರಿಗೆ ಹಲ್ಲಿರಲ್ವಾ?" ಎಂದಳು ಸೆಲಿನ್.

"ಇರುತ್ತೆ ಮೇಡಂ. ಹಿಂಗೆ ಗುರಾಯ್ಸಲ್ಲ."

ಮೀನು ಅಲುಗದಂತೆ ಥರ್ಮೋಕೋಲಿನಲ್ಲಿ ಗೂಡು ಕೊರೆಯಬೇಕಿತ್ತು. ಸೆಲಿನ್, ಮಂಜಣ್ಣ, ನಮ್ಮವರು ಮೂವರೂ ಅದನ್ನು ಕೊರೆಯುತ್ತಾ ಮೆಷಿನ್ನಿನ ಬಳಿ ಇದ್ದರು. ನನಗೆ ಸೆಲಿನ್ ಪೆನ್ಸಿಲು, ಬಿಳಿ ಹಾಳೆ ಕೊಟ್ಟು, "ಬರಿಯೇ, ಮೊದಲಿನ ಹಾಗೆ," ಎಂದಿದ್ದಳು. ಪಕ್ಕದ ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಮೀನಿನ ಟ್ರೇ ಮುಂದಿಟ್ಟುಕೊಂಡು ಕೂತೆ. ಸ್ಪಿರಿಟ್ಟಿನ ವಾಸನೆಗೆ ನಮ್ಮ ಲ್ಯಾಬಿನ ಉದ್ದನೆಯ ಬೆಂಚುಗಳು, ಸೆಲಿನಳ ಎರಡು ಜಡೆ, ನನ್ನ ಬೆರಳಿನ ಪೆನ್ಸಿಲಿನ ಕಪ್ಪು ಎಲ್ಲ ನೆನಪಾದವು. ಇಷ್ಟು ವರ್ಷ ರಂಗೋಲಿಗೆ ಬಿಟ್ಟರೆ ಗೆರೆ ಎಳೆಯದ ಕೈ ಎಂದು ಅಳುಕುತ್ತಲೇ ಶುರು ಮಾಡಿದೆ. ದವಡೆ ಬಂತು, ಕಣ್ಣಿನ ಚುಕ್ಕಿ ಬಂತು, ರೆಕ್ಕೆಯ ಕಡ್ಡಿಗಳು ಬಂದವು. ಹಣೆಯ ಕೋಲನ್ನು ಮೇಲಕ್ಕೆ ಎಳೆಯುತ್ತಿದ್ದಾಗ ಕರೆಂಟು ಹೋಯಿತು.

ಪೀಣ್ಯದಲ್ಲಿ ಅದೇನೂ ಹೊಸದಲ್ಲ. ಹೊರಗೆ ಮಂಜಣ್ಣ ಜನರೇಟರ್ ಹಾಕಲು ಯಾರಿಗೋ ಕೂಗುತ್ತಿದ್ದರು. ನಾನು ಕತ್ತಲಲ್ಲಿ ಸುಮ್ಮನೆ ಕೂತೆ. ಆಗ ಟ್ರೇಯ ಮೇಲೆ ಬೆಳಕು ಕಂಡಿತು.

ಗ್ಯಾಸ್ ಒಲೆಯನ್ನು ತೀರ ಸಣ್ಣಗೆ ಮಾಡಿದಾಗ ಬರ್ನರಿನ ಅಂಚಿಗೆ ಅಂಟಿಕೊಂಡಿರುವ ನೀಲಿ ಇದೆಯಲ್ಲ, ಅಂಥದ್ದು. ದಾಳಿಂಬೆ ಬೀಜದಷ್ಟು ಗುಂಡು. ಅದರ ನೆತ್ತಿಯಲ್ಲಿ ಸಣ್ಣದೊಂದು ಜುಟ್ಟು. ಮುಂದಕ್ಕೆ ಬಾಗಿದ ಎರಡು ಗಿಡ್ಡ ಎಳೆ. ಹಿಂದೆ ಒಂದು ಉದ್ದನೆಯ ಎಳೆ, ತುದಿಯಲ್ಲಿ ಕವಲು. ಅದು ಮೆಲ್ಲಗೆ ಆಡುತ್ತಿತ್ತು. ನನಗೆ ಭಯವಾಗಲಿಲ್ಲ. ಹೇಗೆ ಹೇಳಲಿ, ಯಾರೋ ಬಹಳ ದಿನದಿಂದ ನನ್ನನ್ನೇ ಕಾಯುತ್ತಿದ್ದಾರೆ ಅನ್ನಿಸಿತು. ಎದ್ದು ಹೋಗಬೇಕು, ಹತ್ತಿರ ಹೋಗಬೇಕು ಎಂದು ಎದೆಯೆಲ್ಲ ಎಳೆಯಿತು. ಎಲ್ಲಿಗೆ ಎಂದು ಕೇಳಿದರೆ ಹೇಳಲಾರೆ. ಕರೆಂಟು ಬಂದಾಗ ನನ್ನ ಮುಖ ಟ್ರೇಯಿಂದ ಗೇಣು ದೂರದಲ್ಲಿತ್ತು. ಮೀನಿನ ಕೋಲು ಮೊದಲಿನಂತೆಯೇ ತುಂಡಾಗಿತ್ತು. ಹಾಳೆಯ ಮೇಲೆ ಮಾತ್ರ ಗುಂಡು, ಜುಟ್ಟು, ಮೂರು ಎಳೆ ಎಲ್ಲ ಇದ್ದವು. ಯಾವಾಗ ಬರೆದೆ ಎಂಬುದು ನನಗೆ ಗೊತ್ತಿಲ್ಲ.

ಹಾಳೆಯನ್ನು ಮಗುಚಿಟ್ಟು ಹೊರಗೆ ಬಂದೆ. ಸ್ಕ್ಯಾನ್ ನಡೆಯಿತು. ಪರದೆಯ ಮೇಲೆ ಮೀನು ಬೂದು ಬಣ್ಣದ ಎಲುಬಾಗಿ ನಿಧಾನಕ್ಕೆ ತಿರುಗಿತು. ಕಿವಿರಿನ ಮುಚ್ಚಳದ ಮೂಳೆ ಎರಡು ಕವಲಾದದ್ದನ್ನು, ಕಣ್ಣಿನ ಮೇಲಿನ ಮುಳ್ಳನ್ನು ತೋರಿಸಿ ಸೆಲಿನ್ ಕುಲವನ್ನು ಖಚಿತ ಮಾಡಿದಳು. ಆಮೇಲೆ ಬಾಯಿ, ಗಂಟಲು, ಹೊಟ್ಟೆ, ಒಂದೊಂದೇ ಪದರ ಸರಿಸಿ ನೋಡಿದರು. ತುಣುಕು ಎಲ್ಲಿಯೂ ಇರಲಿಲ್ಲ. "ಇನ್ನೊಂದ್ಸಲ ನೋಡೋಣ ಮೇಡಂ," ಎಂದರು ಮಂಜಣ್ಣ. ಇನ್ನೊಂದು ಸಲವೂ ನೋಡಿದರು. ಸೆಲಿನ್ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೂತಳು. ಎಷ್ಟು ಒರೆಸಿದರೂ ಮುಗಿಯಲಿಲ್ಲ.

ಅವಳಾಗಿಯೇ ಎದ್ದು ಸ್ಟೋರ್ ರೂಮಿಗೆ ಹೋಗಿ ಹಾಳೆ ತಿರುಗಿಸಿದಳು. ನಾನು ಹಿಂದೆಯೇ ಹೋಗಿದ್ದೆ.

"ಹೀಗಿರ್ಬೋದು ಅಂತ ಬರ್ದ್ಯಾ? ಕಂಡು ಬರ್ದ್ಯಾ?"

"ಕಂಡೆ ಕಣೇ. ಕರೆಂಟ್ ಹೋದಾಗ."

"ಯಾವ್ದಾದ್ರೂ ಪುಸ್ತಕದಲ್ಲಿ ನೋಡಿದ್ದಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಸ್ಪಿರಿಟ್ಟಿನಲ್ಲಿ ಬ್ಯಾಕ್ಟೀರಿಯಾ ಎಂದೋ ಸತ್ತಿರುತ್ತವೆ, ಬೆಳಗಲು ಸಾಧ್ಯವೇ ಇಲ್ಲ ಎಂದು ಅವಳು ಮೆಲ್ಲಗೆ, ಪಾಠ ಹೇಳುವಂತೆ ಹೇಳಿದಳು. ಹೇಳುತ್ತಿದ್ದರೂ ಬೆರಳು ಆ ಉದ್ದನೆಯ ಎಳೆಯ ಪಕ್ಕದಲ್ಲೇ ಇತ್ತು. ಗೊತ್ತಿರುವ ಯಾವ ಜಾತಿಗೂ ಇಂಥ ತುದಿ ಇಲ್ಲ ಎಂದಳು.

ಬಾಗಿಲಲ್ಲಿ ನಿಂತಿದ್ದ ನಮ್ಮವರು ಒಳ್ಳೆಯ ಮನಸ್ಸಿನಿಂದಲೇ, "ಹಾಗಿದ್ರೆ ಇದನ್ನೇ ಹಾಕ್ಕೊಳ್ಳಿ ಮೇಡಂ. ಬಲೆಯಿಂದ ತೆಗ್ದಾಗ ಬರೆದಿಟ್ಟಿದ್ದು ಅಂದ್ರಾಯ್ತು. ಯಾರು ನೋಡಿರ್ತಾರೆ?" ಎಂದರು.

"ನಾನೇ ನೋಡಿಲ್ವಲ್ಲ ಸಾರ್," ಎಂದಳು ಸೆಲಿನ್. ರಬ್ಬರ್ ಕೈಗೆತ್ತಿಕೊಂಡಳು. ಹಾಳೆಯ ತನಕ ಒಯ್ದು, ತಡೆದು, ನನ್ನ ಕೈಗೆ ಕೊಟ್ಟುಬಿಟ್ಟಳು. "ನೀನೇ ಅಳಿಸು. ನನ್ ಕೈಲಾಗಲ್ಲ."

ಅಳಿಸಿದೆ. ಅಲ್ಲಿ ಚುಕ್ಕಿಗೆರೆ ಎಳೆದೆ. ಅವಳು ಕೆಳಗೆ ಕುಲದ ಹೆಸರು ಬರೆದು ಜಾತಿಯ ಜಾಗವನ್ನು ಖಾಲಿ ಬಿಟ್ಟಳು.

ಸಂಜೆ ಅವಳ ರೈಲು. ಆಟೋದಲ್ಲಿ ಮಡಿಲ ಮೇಲೆ ಡಬ್ಬಿ ಇಟ್ಟುಕೊಂಡು ಕೂತವಳು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಾಗ, "ಹೇಗಿತ್ತು ಹೇಳೇ. ಬರೀಬೇಡ, ಬರೀ ಹೇಳು," ಎಂದಳು. ಬಣ್ಣದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಸಿಗ್ನಲ್ ಬಿಟ್ಟು ಹಿಂದಿನವರೆಲ್ಲ ಹಾರನ್ ಮಾಡಿದರೂ ಕಣ್ಣು ತೆರೆಯಲಿಲ್ಲ.

ಆಮೇಲೆ ಎಷ್ಟೋ ಸಲ ಅದನ್ನು ಮತ್ತೆ ಬರೆಯಲು ಕೂತಿದ್ದೇನೆ. ಕೋಲಿನ ತನಕ ಕೈ ಹೋಗುತ್ತದೆ, ಮುಂದೆ ಹೋಗುವುದಿಲ್ಲ. ಕಣ್ಣಿನ ಭ್ರಮೆ ಎಂದು ನಮ್ಮವರು ಹೇಳುತ್ತಾರೆ, ಇದ್ದರೂ ಇರಬಹುದು. ಮೀನು ಈಗಲೂ ಕೊಚ್ಚಿಯ ಕಪಾಟಿನಲ್ಲಿ ಹೆಸರಿಲ್ಲದೆ ಇದೆ. ನಿವೃತ್ತಳಾದ ಸೆಲಿನ್ ಆಗಾಗ ಫೋನು ಮಾಡಿ ಮಂಡಿನೋವು, ಮಳೆ, ನನ್ನ ಉಪ್ಪಿನಕಾಯಿ ಎಲ್ಲದರ ವಿಷಯ ಮಾತಾಡುತ್ತಾಳೆ. ಇಡುವ ಮೊದಲು, "ಅಷ್ಟು ವರ್ಷ ನನ್ನ ಹತ್ರಾನೇ ಇತ್ತಲ್ವೇ, ನಂಗ್ಯಾಕೆ ಕಾಣ್ಲಿಲ್ಲ?" ಎಂದು ಕೇಳುತ್ತಾಳೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಕಣೇ ಎನ್ನುತ್ತೇನೆ. ಇಬ್ಬರೂ ಫೋನು ಇಡದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇರುತ್ತೇವೆ.