ಹಡಗಿನಲ್ಲಿ ಇಲ್ಲದವನು

ಮೊನ್ನೆ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಆರಿಸುತ್ತ ಕುಳಿತಿದ್ದೆ. ಒಳಗಿನಿಂದ ಮೊಮ್ಮಗನ ಮೊಬೈಲಿನ ರಾಗವೊಂದು ತೇಲಿ ಬಂತು. ಮೊದಲು ಕಹಳೆ, ಆಮೇಲೆ ನಗಾರಿ, ಅದರ ಬೆನ್ನಿಗೇ ಮಕ್ಕಳ ಗುಂಪೊಂದು ಹಾಡಿದ ಹಾಗೆ ಏನೋ... ನನ್ನ ಕೈ ಅಲ್ಲಿಯೇ ನಿಂತಿತು. ಆ ಹಾಡಿನ ಒಂದು ಶಬ್ದವೂ ನನಗೆ ಅಂದು ತಿಳಿದಿರಲಿಲ್ಲ, ಇಂದೂ ತಿಳಿಯುವುದಿಲ್ಲ. ಆದರೆ ರಾಗ ಮುಗಿಯುವ ಹೊತ್ತಿಗೆ ಸರಿಯಾಗಿ ಯಾರಾದರೂ "ಗಪ್ ಕುಂದರ್ರಿ, ಸುರು ಆತು" ಅನ್ನಬೇಕಿತ್ತು. ಯಾರೂ ಅನ್ನಲಿಲ್ಲ. ಮೊರ ಕೆಳಗಿಟ್ಟು ಎದ್ದೆ.

ಹಾಗೆ ಅನ್ನುತ್ತಿದ್ದವರು ಶಹಾಬಾದಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕ, ನಾನು ಆಪಾ ಎನ್ನುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ಮದುವೆಯಾಗಿ ಕಾಳಗಿಯಿಂದ ಶಹಾಬಾದಿಗೆ ಬಂದ ಹೊಸತು. ನಮ್ಮವರಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆಂದರೆ ಮನೆಯಲ್ಲಿ ಪಾತ್ರೆ ಸದ್ದಾಗಬಾರದು, ರೇಡಿಯೋ ಹಚ್ಚಬಾರದು, ಜೋರಾಗಿ ಕೆಮ್ಮಲೂ ಬಾರದು. ನಾನೋ ಕುಂತಲ್ಲಿ ಕುಂದ್ರದ, ನಿಂತಲ್ಲಿ ನಿಲ್ಲದ ಜೀವ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಿ ಎಂದು ತವರಿನಲ್ಲಿ ಅವ್ವ ಬೈಯುತ್ತಿದ್ದಳು. ಮಧ್ಯಾಹ್ನವಾದರೆ ಸಾಕು, ಬಾಗಿಲು ಸದ್ದಿಲ್ಲದೆ ಎಳೆದುಕೊಂಡು ಓಣಿ ದಾಟಿ ಆಪಾನ ಮನೆ ಸೇರುತ್ತಿದ್ದೆ.

ಆಪಾ ನನಗಿಂತ ಹತ್ತಾರು ವರ್ಷ ದೊಡ್ಡವರು. ಮಕ್ಕಳಿರಲಿಲ್ಲ. ಅವರ ಯಜಮಾನರು ಮೊದಲು ಊರಿನ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಯಲ್ಲಿ ದುಡಿದು, ಆ ಧೂಳು ಸಾಕೆನಿಸಿ ಅರಬ್ಬರ ದೇಶಕ್ಕೆ ಹೋಗಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ರಜೆಗೆ ಬರುವವರು. ಓಣಿಯಲ್ಲಿ ಬಣ್ಣದ ಟೀವಿ, ವಿಸಿಆರ್ ಇದ್ದದ್ದು ಆ ಒಂದೇ ಮನೆಯಲ್ಲಿ. ಯಾರಾದರೂ ಊರಿಗೆ ಬರುವವರ ಕೈಯಲ್ಲಿ ಯಜಮಾನರು ಕ್ಯಾಸೆಟ್ ಕಳಿಸುತ್ತಿದ್ದರು. ಅದರಲ್ಲಿ ಸಿನಿಮಾ ಇರುತ್ತಿರಲಿಲ್ಲ. ಅಲ್ಲಿಯ ಟೀವಿಯಲ್ಲಿ ಬರುತ್ತಿದ್ದ ಕಾರ್ಟೂನು ಧಾರಾವಾಹಿಗಳನ್ನು ತುಂಬಿಸಿ ಕಳಿಸುತ್ತಿದ್ದರು. ಮಕ್ಕಳಿಲ್ಲದ ಮನೆಗೆ ಕಾರ್ಟೂನು ಯಾಕೆ ಎಂದು ಒಮ್ಮೆ ಕೇಳಿದ್ದೆ. ಓಣಿಯ ಮಕ್ಕಳು ಬಂದು ಮನೆ ತುಂಬಲಿ, ನಾನು ಒಬ್ಬಳೇ ಆಗಬಾರದು ಅಂತ ಅವರ ಆಸೆ ಎಂದು ಆಪಾ ಹೇಳಿದ್ದರು.

ಮನೆ ತುಂಬುತ್ತಿದ್ದದ್ದು ನಿಜ. ತಂಪು ಪರ್ಸಿಯ ಮೇಲೆ ಮಕ್ಕಳು ಒತ್ತೊತ್ತಾಗಿ ಕೂರುತ್ತಿದ್ದವು, ಅವುಗಳ ನಡುವೆ ನಾನೊಬ್ಬಳು ದೊಡ್ಡ ಮಗು. ಎಂಥೆಂಥ ಕಥೆಗಳು! ಒಂದರಲ್ಲಿ ಕಾರ್ಖಾನೆಯ ಚಿಮಣಿಯಷ್ಟು ಎತ್ತರದ ಕಬ್ಬಿಣದ ಮನುಷ್ಯ, ಅವನ ಎದೆಯೊಳಗೆ ಕುಳಿತು ಅವನನ್ನು ನಡೆಸುವ ಹುಡುಗ. ಇನ್ನೊಂದರಲ್ಲಿ ಹುಲ್ಲಿನೊಳಗಿನ ಮಿಡತೆ, ಇರುವೆಗಳ ಸಂಸಾರ. ಮತ್ತೊಂದು ಬರೀ ಫುಟ್‌ಬಾಲಿನದು. ಒಬ್ಬ ಚೆಂಡು ಒದ್ದರೆ ಅದು ಕೆಳಗೆ ಬೀಳುವುದರೊಳಗೆ ಅವನ ಬಾಲ್ಯವೆಲ್ಲ ನೆನಪಾಗಿ, ಆ ದಿನದ ಕಂತೇ ಮುಗಿದುಹೋಗುತ್ತಿತ್ತು. ನನಗಂತೂ ಆ ಚೆಂಡನ್ನು ನಾನೇ ಹೋಗಿ ಕೆಳಗಿಳಿಸಬೇಕು ಅನ್ನಿಸುತ್ತಿತ್ತು. ಎಲ್ಲದಕ್ಕಿಂತ ಹೆಚ್ಚಾಗಿ ಒಬ್ಬ ಹಡಗಿನವನ ಕಥೆ. ಎಲ್ಲದರಲ್ಲೂ ಹೆಂಗಸರ ಕಣ್ಣು ಇಷ್ಟಗಲ, ಗಂಡಸರ ಕೂದಲು ನೀಲಿ.

ಮಾತೆಲ್ಲ ಅರಬ್ಬಿಯಲ್ಲಿ. ಆಪಾ ಕುರಾನು ಓದಬಲ್ಲವರು, ಆದರೆ ಆ ಬೊಂಬೆಗಳು ಪಟಪಟ ಆಡುವ ಮಾತು ಅವರಿಗೂ ತಿಳಿಯುತ್ತಿರಲಿಲ್ಲ. ಮೊದಮೊದಲು ಮಕ್ಕಳು ಏನಂದ, ಏನಂದ ಎಂದು ಜೀವ ತಿಂದಾಗ ಏನೋ ಒಂದು ಹೇಳಿದರಂತೆ. ಹೇಳಿದ್ದು ಕಥೆಯಾಯಿತು. ಕಥೆ ಚಟವಾಯಿತು. ಅವರು ಕುಳಿತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ; ಟೀವಿಯ ಮಗ್ಗುಲಲ್ಲಿ ನಿಂತು, ಬೊಂಬೆಗಳ ಬಾಯಿ ಆಡಿದಂತೆಲ್ಲ ಕನ್ನಡ, ಉರ್ದು ಬೆರೆಸಿ ಮಾತು ತುಂಬುತ್ತಿದ್ದರು. ಅವರ ಬಾಯಲ್ಲಿ ಫುಟ್‌ಬಾಲು ಪಕ್ಕದೂರು ವಾಡಿಗೂ ಶಹಾಬಾದಿಗೂ ನಡೆಯುವ ಪಂದ್ಯ. ಇರುವೆಗಳ ರಾಣಿ ನಮ್ಮ ಓಣಿಯ ನಳದ ಕಟ್ಟೆಯಲ್ಲಿ ಕೊಡ ಮುಂದೆ ತಳ್ಳುವ ಒಬ್ಬ ಹೆಂಗಸಿನ ದನಿಯಲ್ಲೇ ಜಗಳಾಡುತ್ತಿದ್ದಳು. ಆ ಹೆಂಗಸೂ ಬಂದು ಕುಳಿತು ನಗುತ್ತಿದ್ದಳು, ತನ್ನದೇ ದನಿ ಎಂದು ಗೊತ್ತಾಗದೆ.

ಕರೆಂಟು ಹೋದರೆ ಚಿತ್ರ ನಿಲ್ಲುತ್ತಿತ್ತು, ಆಪಾ ನಿಲ್ಲುತ್ತಿರಲಿಲ್ಲ. ಒಂದು ಕ್ಯಾಸೆಟ್ ಮುಗಿದು ಮುಂದಿನದು ಬರುವ ತನಕ ದಿನಕ್ಕೆ ಎರಡೆರಡು ಸಲ ಓಣಿ ದಾಟುತ್ತಿದ್ದೆ. ಮುಂದೇನಾಯಿತು ಎಂದು ಕೇಳಿದರೆ, ಕ್ಯಾಸೆಟ್ ಬರಲಿ ಎನ್ನುತ್ತ ಬಾಗಿಲ ಕಡೆ ನೋಡುತ್ತಿದ್ದರು. ಅವರು ಕಾಯುತ್ತಿದ್ದದ್ದು ಕ್ಯಾಸೆಟ್ಟಿಗಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಆ ವರ್ಷ ಬೇಸಿಗೆಯಲ್ಲಿ ಯಜಮಾನರು ರಜೆಗೆ ಬಂದರು. ಮಿತಭಾಷಿ ಮನುಷ್ಯ. ಆ ಕಾರ್ಟೂನುಗಳೆಲ್ಲ ಜಪಾನಿನವು ಎಂದು ನಮಗೆ ಹೇಳಿದವರೇ ಅವರು. ಕೊನೆಯಲ್ಲಿ ಸಾಲುಸಾಲಾಗಿ ಏರುವ ಆ ಅಕ್ಷರಗಳು ಅವರವಂತೆ. ಜಪಾನಿನವರು ಚಿತ್ರ ಬರೆದರು, ಅರಬ್ಬರು ತಮ್ಮ ದನಿ ಹಾಕಿದರು, ಅರ್ಥ ಮಾತ್ರ ನಮ್ಮ ಆಪಾನದು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆಪಾ ನಗಲಿಲ್ಲ. ಇಷ್ಟು ವರ್ಷ ಅರಬ್ಬರ ನಡುವೆ ಇದ್ದ ಗಂಡನಿಗೆ ಆ ಮಾತು ಪೂರ್ತಿ ತಿಳಿಯುತ್ತದಲ್ಲ!

ಮಕ್ಕಳು ಬಿಡುತ್ತವೆಯೇ? ಮಾಮಾ, ನೀವೇ ಹೇಳ್ರಿ ಎಂದು ಗಂಟುಬಿದ್ದವು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇಂವ ನಿಲ್ಲು ಅಂದ, ಅಂವ ನಿಲ್ಲಲ್ಲ ಅಂದ, ಅಷ್ಟೇ. ಕಾಲು ಗಂಟೆಯೊಳಗೆ ಅರ್ಧ ಮಕ್ಕಳು ಎದ್ದು ಗೋಲಿ ಆಡಲು ಹೋದವು, ಉಳಿದವು ಆಕಳಿಸಿದವು. ಆಪಾ ಒಳಗೆ ಒಲೆಯ ಮುಂದೆ ಬೆನ್ನು ಮಾಡಿ ನಿಂತುಬಿಟ್ಟಿದ್ದರು. ಆಗ ಯಜಮಾನರೇ ಹೋಗಿ, ನನ್ನ ಅರ್ಥ ಯಾರಿಗೂ ಬೇಡವಂತೆ, ನೀನೇ ಬಾ ಎಂದು ಕರೆತಂದರು. ಆ ಮೇಲೆ ದಿನವೂ ಆಪಾ ಹೇಳುವುದು, ಅವರು ಗೋಡೆಗೆ ಒರಗಿ ಕೇಳುವುದು. ಒಂದು ದಿನವೂ ತಪ್ಪು ತಿದ್ದಲಿಲ್ಲ.

ರಜೆ ಮುಗಿಯಿತು. ಮರುದಿನ ಮುಂಬೈ ರೈಲು. ಆ ಮಧ್ಯಾಹ್ನ ಹಗ್ಗ ಬಿಗಿದ ಪೆಟ್ಟಿಗೆ ಮೂಲೆಯಲ್ಲಿತ್ತು. ಆಪಾನ ಮುಖ ಊದಿಕೊಂಡಿತ್ತು, ಆದರೆ ಗಂಡನಿಗೆ ಹೋಗಬೇಡಿ ಎಂದು ಒಂದು ಸಲವೂ ಹೇಳಿರಲಿಲ್ಲವೆಂದು ನನಗೆ ಗೊತ್ತು. ಹೇಳುವುದಕ್ಕೆ ಅವರಿಗೆ ಬಾಯಿ ಬರುತ್ತಿರಲಿಲ್ಲ. ಮಕ್ಕಳು ಹಟ ಹಿಡಿದು ಹಡಗಿನವನ ಕ್ಯಾಸೆಟ್ ಹಾಕಿಸಿದವು.

ಬಂದರಿನ ಚಿತ್ರ ಬಂತು. ಹಡಗಿನವನು ಹೆಗಲಿಗೆ ಚೀಲ ಹಾಕಿಕೊಂಡಿದ್ದಾನೆ. ಎದುರಿಗೆ ಅವನ ಹೆಂಡತಿ, ಅಗಲ ಕಣ್ಣಿನವಳು, ಸುಮ್ಮನೆ ನಿಂತಿದ್ದಾಳೆ. ಅವಳ ತುಟಿ ಅಲುಗಲಿಲ್ಲ. ಆದರೂ ಆಪಾ ಶುರುಮಾಡಿದರು.

"ಹಾದಿ ನೋಡಿ ನೋಡಿ ನನ್ನ ಕಣ್ಣು ಸೋತಾವ. ನೀವು ಕಳಿಸಿದ ಸಾಮಾನೆಲ್ಲ ಮನ್ಯಾಗ ಅದ, ಅದರ ನಡುವ ನಾ ಒಬ್ಬಾಕೀನೇ ಇದ್ದೀನಿ. ನನಗ ಸಾಮಾನು ಸಾಕಾಗ್ಯದ. ಈ ಸಲ ಹೋಗಬ್ಯಾಡ್ರಿ."

"ಖಾಲಾ, ಆಕಿ ಬಾಯೇ ತೆಗದಿಲ್ಲ" ಎಂದು ಆಪಾನಿಗೆ ಹೇಳಿತು ಮುಂದೆ ಕುಳಿತಿದ್ದ ಒಂದು ಹುಡುಗಿ.

"ಎಲ್ಲಾರೂ ಬಾಯಿ ತೆಗದೇ ಹೇಳ್ತಾರೇನು?" ಎಂದರು ಆಪಾ, ಟೀವಿಯಿಂದ ಕಣ್ಣು ತೆಗೆಯದೆ.

ಈಗ ಹಡಗಿನವನ ಬಾಯಿ ಆಡಿತು. ಅವನ ಮಾತಿಗೆ ಆಪಾ ಅರ್ಥ ತುಂಬಲೇ ಇಲ್ಲ. ಎದ್ದು ಹೋಗಬೇಕೆನಿಸಿತು, ಆದರೂ ಕೂತೇ ಇದ್ದೆ. ಅದೇ ಹುಡುಗಿ ಹಿಂದೆ ತಿರುಗಿ, ಅಂವ ಏನಂದ ಮಾಮಾ ಎಂದು ಕೇಳಿತು. ಯಜಮಾನರು ಚಿತ್ರವನ್ನು ನೋಡಲಿಲ್ಲ. ಆಪಾನನ್ನೇ ನೋಡುತ್ತಿದ್ದರು.

"ಹೋಗಂಗಿಲ್ಲ ಅನ್ಲಿಕತ್ತಾನ."

ಅಷ್ಟರಲ್ಲಿ ಟೀವಿಯಲ್ಲಿ ಲಂಗರು ಎದ್ದಿತು, ಪಟ ಬಿಚ್ಚಿತು, ಹಡಗು ದಡ ಬಿಟ್ಟಿತು. ಮಕ್ಕಳೆಲ್ಲ ಒಟ್ಟಿಗೆ, ಹಡಗು ಹೊರಟಿತಲ್ಲ ಎಂದು ಗದ್ದಲ ಮಾಡಿದವು. ಯಜಮಾನರು ನಿಧಾನವಾಗಿ ಹೇಳಿದರು.

"ಹಡಗ ಹೊಂಟದ. ಅಂವ ಅದರಾಗ ಇಲ್ಲ."

ಕ್ಯಾಸೆಟ್ಟೂ ಅಲ್ಲಿಗೇ ಮುಗಿಯಿತು. ಪರದೆಯ ತುಂಬ ಬಿಳಿ ಚುಕ್ಕೆಗಳು ಕುಣಿದವು. ಆಪಾ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು. ನಾನು ಮಕ್ಕಳನ್ನೆಲ್ಲ ಹೊರಗೆ ಅಟ್ಟಿಕೊಂಡು ಬಂದೆ.

ಮರುದಿನ ರೈಲು ಹೋಯಿತು, ಅವರು ಹೋಗಲಿಲ್ಲ. ಬಂದ ಭಾಗ್ಯವನ್ನು ಕಾಲಿನಿಂದ ಒದ್ದ ಎಂದು ಓಣಿ ಆಡಿಕೊಂಡಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದವರೂ ಇದ್ದರು. ಅವರು ಕೂರಲಿಲ್ಲ. ಟೀವಿ, ವಿಸಿಆರ್ ವಾಡಿಯ ಬಾಡಿಗೆ ಅಂಗಡಿಯವರ ಪಾಲಾದವು, ಕ್ಯಾಸೆಟ್ಟುಗಳೂ ಅವುಗಳ ಜೊತೆಗೆ. ಯಜಮಾನರು ಮತ್ತೆ ಪರ್ಸಿ ಪಾಲಿಶ್ ಮಾಡುವ ಕೆಲಸಕ್ಕೆ ಹತ್ತಿದರು. ಸಂಜೆ ಮೈಯೆಲ್ಲ ಬೂದುಬಣ್ಣವಾಗಿ ಬರುತ್ತಿದ್ದರು, ಆಪಾ ಬಾಗಿಲಲ್ಲಿ ಬಿಂದಿಗೆ ಹಿಡಿದು ನಿಂತಿರುತ್ತಿದ್ದರು. ಇಬ್ಬರೂ ಹೊಸ ಮದುವೆಯವರಂತೆ ನಗುತ್ತಿದ್ದರು. ಕಥೆ ನಿಂತುಹೋಯಿತಲ್ಲ ಎಂದು ನನಗೆ ಸಿಟ್ಟು, ಹೊಟ್ಟೆಕಿಚ್ಚು ಎರಡೂ ಇದ್ದವು. ಆಪಾ ನನ್ನ ಮಾತಿಗೆ ನಕ್ಕುಬಿಡುತ್ತಿದ್ದರು. ಅವರಿಗೆ ಇನ್ನು ಕಥೆ ಬೇಕಾಗಿರಲಿಲ್ಲ.

ನಾವು ಮುಂದೆ ಸೇಡಂಗೆ ಬಂದೆವು. ವರ್ಷಗಳು ಕಳೆದವು... ಒಂದು ದಿನ ಆಪಾನ ಯಜಮಾನರು ತೀರಿಹೋದರೆಂದು ಸುದ್ದಿ ಬಂತು. ಕಲ್ಲಿನ ಧೂಳು ಎದೆಯಲ್ಲಿ ಕುಳಿತು ದಮ್ಮು ಹತ್ತಿಕೊಂಡಿತ್ತಂತೆ. ಹೋಗಿ ನೋಡಿದರೆ, ಎಂದೂ ಕೂರದ ಆಪಾ ಗೋಡೆಗೆ ಒರಗಿ ಕುಳಿತಿದ್ದರು, ಯಜಮಾನರು ಒರಗುತ್ತಿದ್ದ ಜಾಗದಲ್ಲೇ. ನನ್ನ ಕೈ ಹಿಡಿದು ಕೇಳಿದರು.

"ಆವತ್ತು ನಾ ಬಾಯಿ ಮುಚ್ಚಿಕೊಂಡಿದ್ರ ಅವರು ಇನ್ನಾ ಇರ್ತಿದ್ರೇನು ತಂಗಿ?"

ಆ ಕೈ ಒತ್ತಿ ಹಿಡಿದು ಕುಳಿತೆ, ಬಸ್ಸಿನ ಹೊತ್ತಾಯಿತು, ಎದ್ದು ಬಂದೆ. ಮುಂದೆ ಆಪಾನೂ ಹೋದರು. ಆ ಸುದ್ದಿ ಎಷ್ಟೋ ದಿನದ ಮೇಲೆ ನನಗೆ ತಿಳಿಯಿತು. ಉತ್ತರಿಸದೆ ಬಂದ ಆ ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ ಬಂದು ಎದುರಿಗೆ ನಿಲ್ಲುತ್ತದೆ. ಅದು ಬಂದು ನಿಂತರೆ ನನಗೆ ಕೂರಲಾಗುವುದಿಲ್ಲ.

ಮೊನ್ನೆ ಒಳಗೆ ಹೋದವಳು ಮೊಮ್ಮಗನ ಭುಜದ ಮೇಲಿಂದ ಬಗ್ಗಿ ನೋಡಿದೆ. ಅದೇ ಹಡಗು, ಅದೇ ಅಗಲ ಕಣ್ಣಿನವಳು. ಈಗ ಮಾತು ಜಪಾನಿನದೇ, ಕೆಳಗೆ ಇಂಗ್ಲಿಷಿನ ಸಾಲು. ಬಂದರಿನ ಕಂತು ಹುಡುಕಿಸಿ ಹಾಕಿಸಿದೆ. ಹಡಗಿನವನ ಬಾಯಿ ಆಡಿದಾಗ, ಏನಂದ ಎಂದು ಕೇಳಿದೆ. ನನ್ನ ದಾರಿ ಕಾಯಬೇಡ ಅಂದನಂತೆ, ಮೊಮ್ಮಗ ಸಾಲು ಓದಿ ಹೇಳಿದ. ಅವಳು ನಿಜಕ್ಕೂ ಏನೂ ಅನ್ನಲಿಲ್ಲ. ಹಡಗು ದಡ ಬಿಟ್ಟಿತು. ನಮ್ಮ ಕ್ಯಾಸೆಟ್ ಮುಗಿದಿದ್ದ ಜಾಗ ದಾಟಿ ಚಿತ್ರ ಮುಂದೆ ಓಡಿತು. ಹಡಗಿನ ಮೂತಿಯಲ್ಲಿ ಒಬ್ಬ ನಿಂತಿದ್ದ, ನೀಲಿ ಕೂದಲು ಗಾಳಿಗೆ ಹಾರುತ್ತಿತ್ತು.

"ನೋಡು ಆಯಿ, ಇಲ್ಲೇ ನಿಂತಾನ" ಎಂದು ಮೊಮ್ಮಗ ಬೆರಳಿಟ್ಟು ತೋರಿಸಿದ.

"ಇಲ್ಲೋ ಅಪ್ಪಾ" ಎಂದೆ. "ಅಂವ ಅದರಾಗ ಇಲ್ಲ. ಆಕಿ ಹೋಗಬ್ಯಾಡ ಅಂದಳು, ಅಂವ ಉಳದ. ಆಕಿ ಅಂದಿದ್ದೇ ಚೊಲೋ ಆತು."

ಹುಡುಗ ನನ್ನ ಮುಖವನ್ನೂ ಮೊಬೈಲನ್ನೂ ನೋಡಿದ. ನಾನು ಅವನ ಪಕ್ಕದಲ್ಲಿ ಕುಳಿತೆ.