ಕದ್ದರೆ ಮಾತ್ರ ಚಿಗುರುವ ಹೂವು

ಕನಕಗಿರಿಯ ಹಜರತಬೀ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ಊರಿಗೆಲ್ಲ ಹೊಲಿದ ಮೇಲೆ, ಐವತ್ತೆಂಟನೆಯ ವಯಸ್ಸಿನಲ್ಲಿ, ಮೊದಲ ಸಲ ತಮಗಾಗಿ ಒಂದನ್ನು ಕೈಗೆತ್ತಿಕೊಂಡರು. ಅದಕ್ಕೊಂದು ನಿಯಮವನ್ನೂ ತಾವೇ ಹಾಕಿಕೊಂಡರು: ತಮ್ಮ ಅಂಗಳದಲ್ಲಿ ಬೇರು ಬಿಟ್ಟ ಗಿಡಕ್ಕಷ್ಟೇ ಈ ಕೌದಿಯಲ್ಲಿ ಜಾಗ. ಎಣ್ಣೆ ಡಬ್ಬಿಯ ಕಾಮಕಸ್ತೂರಿ, ಒಡೆದ ಕೊಡದ ಮಲ್ಲಿಗೆ, ಬಚ್ಚಲ ನೀರಿಗೆ ಬೆಳೆದ ಕರಿಬೇವು ಎಲ್ಲವೂ ಬಂದವು. ಎಲೆಯನ್ನು ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುವುದು ಅವರ ಪದ್ಧತಿ. ನಡುವಿನ ಚೌಕ ಮಾತ್ರ ಖಾಲಿ ಉಳಿದಿತ್ತು.

ಅದು ಮರಳಿ ಗ್ರಾಮದ ಕರಿಯವ್ವನ ಮನೆಯ ದಾಸವಾಳಕ್ಕೆ ಮೀಸಲು. ಕೌದಿಯೊಂದನ್ನು ಕೊಡಲು ಹೋದಾಗ ಹಜರತಬೀ ಆ ಹೂವನ್ನು ಕಂಡಿದ್ದರು. ಬೆಳಿಗ್ಗೆ ಬಿಳಿ, ಮಧ್ಯಾಹ್ನ ಗುಲಾಬಿ, ಸಂಜೆಗೆ ಕೆಂಪು. ಬಣ್ಣ ತಿರುಗುವುದನ್ನು ನೋಡುತ್ತ ಕುಳಿತು ಬಸ್ಸು ತಪ್ಪಿಸಿಕೊಂಡಿದ್ದರು. ಮಗಳು ಶಾಯಿಸ್ತಾ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.

ಮಳೆ ಶುರುವಾದ ಕೂಡಲೇ ಹಜರತಬೀ ಒಂದು ಟೊಂಗೆ ಕೇಳಲು ಹೋದರು. ಕರಿಯವ್ವ ಜಿಪುಣಿಯಲ್ಲ. ಆದರೆ ಆಕೆ ಕೈಯಾರೆ ಕೊಟ್ಟ ಟೊಂಗೆಗಳೆಲ್ಲ ಒಣಗಿದ್ದವು. ನಾದಿನಿ ಕೇಳದೆ ಮುರಿದುಕೊಂಡು ಹೋದದ್ದು ಮಾತ್ರ ಮಾಳಿಗೆಯೆತ್ತರ ಬೆಳೆದಿತ್ತು.

"ಕೊಟ್ರ ಹತ್ತಂಗಿಲ್ಲ, ಹಜರತಬೀ. ಕದೀಬೇಕು. ನಾ ಒಳಗ ಚಾ ಇಡ್ತೀನಿ, ಅಷ್ಟರಾಗ ನಿನ್ನ ಕೆಲಸ ಮುಗಿಸ್ಕೋ."

ಹೊಲಿಸಿದವರಿಗೆ ಬೆರಳಗಲದ ಚಿಂದಿಯನ್ನೂ ತಿರುಗಿ ಕೊಡುವ ಹೆಂಗಸು ಹಜರತಬೀ. ಕತ್ತರಿ ಹಿಡಿದು ಗಿಡದ ಮುಂದೆ ನಿಂತರು, ಕೈ ಏಳಲಿಲ್ಲ. ಕೊನೆಗೆ, ಯಾವ ಟೊಂಗೆ ಕತ್ತರಿಸಲಿ ಎಂದು ಬಾಗಿಲ ಕಡೆ ತಿರುಗಿ ಕೇಳಿದರು.

"ಕಳ್ಳರು ಮನಿಯವರನ್ನ ಕೇಳಿ ಕದೀತಾರೇನ?" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಅಷ್ಟರಲ್ಲಿ ಕರಿಯವ್ವನ ಗಂಡ ವಿರುಪಣ್ಣ ಗದ್ದೆಯಿಂದ ಬಂದ. ಅತಿಥಿ ಸಂಕೋಚಪಡುತ್ತಿದ್ದಾರೆ ಎಂದುಕೊಂಡು ತಾನೇ ಒಂದು ದೊಡ್ಡ ಟೊಂಗೆ ಮುರಿದು, ಎರಡೂ ಕೈಯಲ್ಲಿ ಹಿಡಿದು, ತಗೋರಿ ಅಕ್ಕಾರ ಎಂದು ಕೊಟ್ಟ. ಹಜರತಬೀ ಗಾಬರಿಯಲ್ಲಿ ತೆಗೆದುಕೊಂಡೂ ಬಿಟ್ಟರು. ಚಹಾ ಹಿಡಿದು ಹೊರಬಂದ ಕರಿಯವ್ವ ಗಂಡನನ್ನು ಬೈಯತೊಡಗಿದಳು. ಯಾಕೆ ಬೈಸಿಕೊಳ್ಳುತ್ತಿದ್ದೇನೆ ಎಂಬುದು ವಿರುಪಣ್ಣನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತುಬಿಟ್ಟ. ಆ ಟೊಂಗೆ ಆಡಿನ ಪಾಲಾಯಿತು.

ಎರಡನೆಯ ಪ್ರಯತ್ನಕ್ಕೆ ಗಂಡ ಹೆಂಡತಿ ಇಬ್ಬರೂ ಚಹಾದ ಕಪ್ಪು ಹಿಡಿದು ಗೋಡೆಗೆ ಮುಖ ಮಾಡಿ ನಿಂತರು. ಬೇಲಿಯಾಚೆಯಿಂದ ಪಕ್ಕದ ಮನೆಯ ಕರಿಬಸಪ್ಪ ಏನು ನೋಡುತ್ತಿದ್ದೀರಿ ಎಂದು ಕೇಳಿದ.

"ಗ್ವಾಡಿಗೆ ಯಾವ ಬಣ್ಣ ಹಚ್ಚೂಣು ಅಂತ ನೋಡಾಕತ್ತೀವಿ," ಎಂದ ವಿರುಪಣ್ಣ, ತಿರುಗದೆ.

ಕರಿಬಸಪ್ಪನೂ ಬಂದು ಗೋಡೆ ನೋಡುತ್ತ ನಿಂತು, ಹಸಿರು ಛಲೋ ಎಂದು ಸಲಹೆ ಕೊಟ್ಟ. ಹಿಂದೆ ಕತ್ತರಿಯ ಸದ್ದಾಯಿತು. ಟೊಂಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಜರತಬೀ ಆಗಲೇ ಗೇಟು ದಾಟಿದ್ದರು. ಚಹಾ ಕುಡಿದು ಹೋಗು ಎಂದು ಕರಿಯವ್ವ ಕೂಗಿದಳು.

"ಕಳ್ಳರು ಚಾ ಕುಡದು ಹೋಗ್ತಾರೇನ್ರಿ, ಅಕ್ಕಾರ?"

ಬಸ್ಸಿನಲ್ಲಿ ಕನಕಗಿರಿ ಬರುವವರೆಗೂ ಅವರ ನಗು ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತಾಕೆ ಕಾರಣ ತಿಳಿಯದೆಯೇ ಜೊತೆಗೆ ನಕ್ಕಳು.

ಪೇಂಟಿನ ಡಬ್ಬಿಯಲ್ಲಿ ನೆಟ್ಟ ಕಡ್ಡಿ ಬಹಳ ದಿನ ಕಡ್ಡಿಯಾಗಿಯೇ ಇತ್ತು. ಹಜರತಬೀ ದಿನವೂ ಬಗ್ಗಿ ನೋಡುವರು, ಮುಟ್ಟರು. ಒಂದು ಬೆಳಿಗ್ಗೆ ಗಣ್ಣಿನಲ್ಲಿ ಹಸಿರು ಇಣುಕಿತು. ಶಾಯಿಸ್ತಾ ಫೋಟೊ ತೆಗೆದು ವಿರುಪಣ್ಣನ ಮೊಬೈಲಿಗೆ ಕಳಿಸಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಮೊಗ್ಗೂ ಬಂತು. ಹೂ ಬಿಟ್ಟ ದಿನ ಹಜರತಬೀ ಸೂಜಿ ಹಿಡಿದು ಗಿಡದ ಪಕ್ಕದಲ್ಲೇ ಕುಳಿತರು. ಬೆಳಿಗ್ಗೆ ಬಿಳಿ ದಳ ಹೊಲಿದರು, ಊಟದ ನಂತರ ಗುಲಾಬಿ, ದೀಪ ಹಚ್ಚುವ ಮುಂಚೆ ಕೆಂಪು.

ಕೌದಿ ನೋಡಲು ಕರಿಯವ್ವ ಬಂದಳು. ನಡುವಿನ ಚೌಕವನ್ನು ಸವರಿದಳು. ಅದರ ಮೂಲೆಯಲ್ಲಿ, ಚಹಾದ ಕಪ್ಪು ಹಿಡಿದು, ಮುಖ ಕಾಣದಂತೆ ಬೆನ್ನು ತಿರುಗಿಸಿ ನಿಂತ ಇಬ್ಬರು ಪುಟ್ಟ ಮನುಷ್ಯರಿದ್ದರು.

"ನಮ್ಮ ಮಾರಿ ಎಲ್ಲೈತಿ?"

"ಕದಿಯೂವಾಗ ನಾ ಎಲ್ಲಿ ನೋಡೀನ್ರಿ," ಎಂದು ಹಜರತಬೀ ದಾರ ಕಡಿದರು.