ಹೆಬ್ಬೆರಳಿಗೆ ನಾಲ್ಕು ದಿನ ರಜೆ

ಸ್ನೇಹಿತರೇ, ಕಿವಿಯಾರೆ ಕೇಳಿದ್ದನ್ನು ನಂಬಲು ನನಗಿನ್ನೂ ಆಗುತ್ತಿಲ್ಲ.

ಇವತ್ತು ನಮ್ಮೂರ ರೇಷನ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದವರು ಪಕ್ಕದ ಮನೆಯ ಮುನಿಯಮ್ಮ. ವರ್ಷಗಟ್ಟಲೆ ಕೂಲಿಗೆ ಹುಣಸೆಹಣ್ಣು ಬಿಡಿಸಿದ ಕೈ ಅವರದು. ಎಂಟು ಸಲ ಹೆಬ್ಬೆರಳು ಒತ್ತಿದರೂ ಯಂತ್ರ ಒಪ್ಪಲಿಲ್ಲ.

"ಗೆರೆಗಳೇ ಸವೆದೋಗಿದಾವಲ್ಲಕ್ಕಾ. ನಾಲ್ಕ್ ದಿನ ಕೆಲ್ಸಕ್ಕೆ ಹೋಗ್ಬೇಡ, ಕೈಗೆ ಎಣ್ಣೆ ಹಚ್ಕೊಂಡು ಆಮೇಲ್ ಬಾ" ಎಂದ ಅಂಗಡಿಯವನು.

"ನಾಲ್ಕ್ ದಿನ ಕೆಲ್ಸಕ್ಕೆ ಹೋಗ್ದೆ ತಿನ್ನೋ ಹಂಗಿದ್ರೆ, ನಿನ್ ಅಕ್ಕಿಗ್ಯಾಕಪ್ಪಾ ಬರ್ತಿದ್ದೆ?" ಎಂದವರೇ ಮುನಿಯಮ್ಮ ಖಾಲಿ ಚೀಲ ಮಡಚಿಕೊಂಡು ಹೊರಟೇಬಿಟ್ಟರು.

ಮುಂದಿನ ಸರದಿ ನನ್ನದು. ದಿನವಿಡೀ ಮೊಬೈಲ್ ಉಜ್ಜುವುದು ಬಿಟ್ಟು ಬೇರೇನೂ ಮಾಡದ ನನ್ನ ಹೆಬ್ಬೆರಳನ್ನು ಯಂತ್ರ ಮೊದಲ ಸಲಕ್ಕೇ ಗುರುತು ಹಿಡಿಯಿತು.